ದೀಪ ದೊಡ್ಡದು ಮಾಡು

ದೀಪಕ್ಕೆ ಎಣ್ಣೆ, ಬತ್ತಿ, ಎಣ್ಣೆ ನಿಲ್ಲಲು ಒಂದು ಗುಳಿ ಇಷ್ಟಿದ್ದರೆ ಸಾಕೆಂದು ನಾನು ಕಲಿತದ್ದು ನಿವೃತ್ತಿಯಾದ ಮೇಲೆ, ಸೊಸೆಯಿಂದ. ಅಲ್ಲಿಯವರೆಗೆ ಕತ್ತಲೆಗೆ ಮದ್ದೆಂದರೆ ಟಾರ್ಚು. ಸೆಲ್ಲು ಸೋರಿ ಟಾರ್ಚು ಹಾಳಾದೀತೆಂದು ಸೆಲ್ಲನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿಡುವ ಶಿಸ್ತಿನವನು ನಾನು. ಕರೆಂಟು ಹೋದಾಗ ಟಾರ್ಚು ತಕ್ಷಣ ಸಿಗುತ್ತದೆ. ಡಬ್ಬಿ ಹುಡುಕಲು ಮಾತ್ರ ಇನ್ನೊಂದು ಟಾರ್ಚು ಬೇಕು.

ವಿಶಾಖಪಟ್ಟಣದ ಕಾರ್ಖಾನೆಯಲ್ಲೇ ನೌಕರಿ ಮುಗಿಸಿದರೂ ನನ್ನ ತೆಲುಗು ಯಂತ್ರಗಳ ನಡುವೆ ಕೂಗಿ ಕಲಿತ ತೆಲುಗು. ಅದರಲ್ಲಿ ‘ಜಾಗ್ರತ್ತ’, ‘ತ್ವರಗಾ’ ಇವೆ, ಹೊಸ ಸೊಸೆಯೊಡನೆ ಆಡುವ ಮಾತಿಲ್ಲ. ವಿಜಯವಾಡದ ಪದ್ಮಾ ಮನೆ ತುಂಬಿದಾಗ ನಮ್ಮಿಬ್ಬರಿಗೂ ದುಭಾಷಿಯಾದವಳು ನನ್ನ ಹೆಂಡತಿ. ಅವಳು ಮೈಸೂರಿಗೆ ತಂಗಿಯನ್ನು ನೋಡಲು ಹೊರಟಳು, ಮನೆ ಕಚೇರಿಯಾಯಿತು. ಪದ್ಮಾ ಬಡಿಸುವಳು, ನಾನು ತಲೆಯಾಡಿಸುವೆ. ಹುಡುಗಿ ನನಗೆ ಹೆದರಿ ನಗುವುದನ್ನೇ ಬಿಟ್ಟಾಳೆಂದು ಒಳಗೊಳಗೇ ಚಿಂತೆ.

ಒಂದು ದಿನ ಬಿರುಗಾಳಿಗೆ ಮಧ್ಯಾಹ್ನವೇ ಕರೆಂಟು ಹೋಗಿ, ಸಂಜೆಗೆ ಮೊಬೈಲುಗಳೂ ಸತ್ತವು. ಮಗ ಡ್ಯೂಟಿಯಲ್ಲಿದ್ದ. ನಾನು ಡಬ್ಬಿಗೆ ತಡಕಾಡುತ್ತಿರುವಾಗ ಪದ್ಮಾ ಕಿತ್ತಳೆಯೊಂದನ್ನು ನಡುವೆ ಸುತ್ತಲೂ ಗೀರಿ, ಸಿಪ್ಪೆಯನ್ನು ಬಟ್ಟಲಿನಂತೆ ಬಿಡಿಸಿದಳು. ಬುಡಕ್ಕಂಟಿದ ಬಿಳಿ ನಾರು ನೆಟ್ಟಗೆ ನಿಂತಿತು. ಅದೇ ಬತ್ತಿ! ಎಳ್ಳೆಣ್ಣೆಯಲ್ಲಿ ಅದನ್ನು ನೆನೆಸಿ ಕಡ್ಡಿ ಗೀರಿದಳು. ಚಿಟಪಟನೆ ಮುನಿಸಿಕೊಂಡ ನಾರು ಕೊನೆಗೆ ಹತ್ತಿಕೊಂಡಿತು. ಕೋಣೆಯೆಲ್ಲ ಕಿತ್ತಳೆಯ ಘಮ.

ಕಲ್ಲಿನ ಗುಳಿಯಲ್ಲಿ ಕೊಬ್ಬು ಉರಿಸಿದ ಆದಿಮಾನವನಿಂದ ಹಿಡಿದು ತಂಬಿಟ್ಟಿನ ದೀಪ ಹಚ್ಚುತ್ತಿದ್ದ ನನ್ನ ಅಜ್ಜಿಯವರೆಗೆ ಎಲ್ಲರೂ ಕೈಗೆ ಸಿಕ್ಕಿದ್ದರಲ್ಲೇ ಬೆಳಕು ಮಾಡಿಕೊಂಡವರು. ಅಜ್ಜಿಯ ದೀಪವನ್ನು ಆಮೇಲೆ ತಿನ್ನಲೂಬಹುದಿತ್ತು. ಟಾರ್ಚಿಗೆ ಆ ಗುಣವೂ ಇಲ್ಲ.

ಊಟದ ಹೊತ್ತಿಗೆ ಕರೆಂಟು ಬಂತು. “ದೀಪ ದೊಡ್ಡದು ಮಾಡಮ್ಮ” ಎಂದೆ. ‘ಆರಿಸು’ ಎಂಬುದು ಅಶುಭವೆಂದು ನಮ್ಮ ಮನೆಯಲ್ಲಿ ಹೀಗೇ ಹೇಳುವುದು. ಪದ್ಮಾ ಇನ್ನಷ್ಟು ಎಣ್ಣೆ ಸುರಿದಳು.

“ಅಯ್ಯೋ, ದೊಡ್ಡದು ಮಾಡು ಅಂದೆ!”

ಅವಳು ಉಳಿದರ್ಧ ಸಿಪ್ಪೆಗೂ ಹತ್ತಿಯ ಬತ್ತಿಯಿಟ್ಟು ಹಚ್ಚಿ, “ಇಂಕಾನಾ, ಮಾವಯ್ಯಗಾರು?” ಎಂದಳು. ಇನ್ನೂ ಬೇಕೇ ಎಂದು!

ಬೇರೆ ದಾರಿ ಕಾಣದೆ ಗಾಳಿಗೆ ‘ಉಫ್’ ಎಂದು ಊದಿ ತೋರಿಸಿದೆ. ಪದ್ಮಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಓಹೋ, ಕೊಂಡೆಕ್ಕಿಂಚಾಲಾ? ಮೇಮು ಅಲಾ ಅಂಟಾಂ!” ಆರಿಸು ಎನ್ನಲು ಅವರಿಗೂ ಬಾಯಿ ಬಾರದು, ದೀಪವನ್ನು ‘ಕೊಂಡ’, ಅಂದರೆ ಬೆಟ್ಟ, ಹತ್ತಿಸುತ್ತಾರಂತೆ.

“ಯಾವ ಬೆಟ್ಟ?”

“ಇಂಕೇ ಕೊಂಡ? ಮಾ ಬೆಜವಾಡ ಕೊಂಡೇ!” ಇನ್ಯಾವ ಬೆಟ್ಟ, ತಮ್ಮ ವಿಜಯವಾಡದ ಬೆಟ್ಟವೇ ಎಂದು!

ಆ ದೀಪಗಳನ್ನು ಯಾರೂ ಆರಿಸಲಿಲ್ಲ. ಎಣ್ಣೆ ತೀರುವವರೆಗೆ ಪದ್ಮಾ ತನ್ನ ಊರಿನ ಕಥೆ ಹೇಳಿದಳು. ಅರ್ಧ ತಿಳಿಯಿತು. ಅರ್ಧವೇ ಸಾಕಾಯಿತು. ಆ ಕಿತ್ತಳೆಯ ಋಣ ನನ್ನ ಮೇಲಿದೆ.

ಈಗಲೂ ಊಟವಾದ ಮೇಲೆ ಪದ್ಮಾ ಸ್ವಿಚ್ಚಿನ ಮೇಲೆ ಕೈಯಿಟ್ಟು ಕೇಳುತ್ತಾಳೆ, “ಮಾವಯ್ಯಗಾರು, ಬಲ್ಬು ದೊಡ್ಡದು ಮಾಡಲಾ?”

“ಕೊಂಡೆಕ್ಕಿಂಚಮ್ಮಾ” ಎನ್ನುತ್ತೇನೆ.