ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಡಿಫೆಂಡರ್

ಕುಷ್ಟಗಿ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ಹುಡುಗಿಯರಿಗೆ ಫುಟ್‌ಬಾಲ್ ಕಲಿಸುವ ಹುಚ್ಚು ನನಗೆ ಹಿಡಿದದ್ದು ಇಂಗ್ಲೆಂಡಿನ ಒಬ್ಬ ಆಟಗಾರ್ತಿಯಿಂದ. ಅವಳು ಡಿಫೆಂಡರ್, ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದೇ ಕೆಲಸ. ಚಿಕ್ಕಂದಿನಲ್ಲಿ ಹುಡುಗರ ಜೊತೆ ಆಡಿದವಳು, ಆಮೇಲೆ ಹಗಲು ಅಂಗಡಿಯಲ್ಲಿ ದುಡಿದು ಸಂಜೆ ಅಭ್ಯಾಸ ಮಾಡಿದವಳು. ಒಂದು ಕ್ಲಬ್ ಬೇಡವೆಂದಾಗ ಇನ್ನೊಂದಕ್ಕೆ ಹೋಗಿ, ಮೊಣಕಾಲು ಕೆಟ್ಟು ವರ್ಷಗಟ್ಟಲೆ ಕೂತು, ಮತ್ತೆ ಎದ್ದು ದೇಶದ ತಂಡಕ್ಕೆ ಆಡಿದಳು. ಮೊಬೈಲಿನಲ್ಲಿ ಅವಳ ಆಟ ತೋರಿಸಿ ತೋರಿಸಿ ನನ್ನ ಹುಡುಗಿಯರ ತಲೆ ತಿಂದಿದ್ದೇನೆ.

ಹತ್ತನೇ ತರಗತಿಯಲ್ಲಿ ಅಂಥವಳೇ ಒಬ್ಬಳು ಸಿಕ್ಕಳು, ಕುರಿ ಕಾಯುವ ಮನೆಯವಳು. ಚೆಂಡು ಕಸಿಯುವುದರಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ಆದರೆ ಒಂದು ರೋಗ. ಎದುರಾಳಿಗೆ ಕಾಲು ತಾಗಿತೋ, ಅಲ್ಲೇ ನಿಂತು, ಬಗ್ಗಿ, ಅವರನ್ನು ಮುಟ್ಟಿ ಬೆರಳು ಕಣ್ಣಿಗೊತ್ತಿಕೊಳ್ಳುವುದು! ಅಷ್ಟರಲ್ಲಿ ಚೆಂಡು ಗೋಲಿನ ಕಡೆ ಹೊರಟಿರುತ್ತಿತ್ತು.

"ಕಾಲ ತಾಗಿತಲ್ರಿ ಟೀಚರ್. ಹಂಗ ಬಿಟ್ರ ಪಾಪ ಬರ್ತೈತ್ರಿ."

"ಆ ಪಾಪ ನನಗ ಬರ್ಲಿ! ನೀ ಚೆಂಡ ನೋಡ!"

ಮನೆಯಲ್ಲಿ ಎಲ್ಲ ಮಕ್ಕಳಿಗೂ ಕಲಿಸುವುದು ಅದನ್ನೇ. ಬಸ್ಸಿನಲ್ಲಿ ಯಾರಿಗಾದರೂ ಕಾಲು ತಾಗಿದರೆ ನನ್ನ ಕೈಯೂ ತಾನಾಗಿ ಹೋಗುತ್ತದೆ. ಆದರೂ ದಿನಕ್ಕೆ ಹತ್ತಾರು ಸಲ ಇದನ್ನೇ ನೋಡಿದರೆ ಯಾರಿಗೆ ತಲೆ ಕೆಡುವುದಿಲ್ಲ? ಕೊನೆಗೆ, ಆಟ ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೆ ನಮಸ್ಕಾರ ಎಂದು ಒಪ್ಪಂದವಾಯಿತು. ಎರಡು ತಿಂಗಳು ಹೆಣಗಾಡಿ ಚಾಳಿ ಬಿಡಿಸಿದೆ, ಅಥವಾ ಹಾಗಂದುಕೊಂಡೆ.

ಕೊಪ್ಪಳದಲ್ಲಿ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆ ನಡೆಯಿತು. ಸಿಕ್ಕರೆ ಊಟ, ಓದು, ಆಟ ಎಲ್ಲ ಅಲ್ಲೇ. ಸಿಗದಿದ್ದರೆ ಪರೀಕ್ಷೆ ಮುಗಿದ ಮರುದಿನದಿಂದ ದಾಳಿಂಬೆ ತೋಟದ ಕೂಲಿ. ಅರ್ಧ ಆಟ ಅವಳು ಚೆನ್ನಾಗಿಯೇ ಆಡಿದಳು. ಆಮೇಲೆ ಗಂಗಾವತಿಯ ಹುಡುಗಿಯೊಬ್ಬಳಿಂದ ಚೆಂಡು ಕಸಿದಳು, ಆ ಹುಡುಗಿ ಬಿದ್ದಳು, ಇವಳ ಬೂಟು ಅವಳ ಹೆಗಲಿಗೆ ತಾಗಿತು. ಇವಳು ನಿಂತಳು, ಬಗ್ಗಿದಳು. ಹಿಂದಿನಿಂದ ಬಂದ ಎದುರು ತಂಡದ ಮತ್ತೊಬ್ಬಳು ಚೆಂಡು ಒಯ್ದು ಗೋಲು ಹೊಡೆದಳು.

"ಭಾಳ ಸಂಸ್ಕಾರವಂತ ಹುಡುಗಿ ನೋಡ್ರಿ," ಎಂದು ಆಯ್ಕೆಗಾರರೊಬ್ಬರು ಮೆಚ್ಚಿ ನಕ್ಕರು. ಪಟ್ಟಿಯಲ್ಲಿ ಮಾತ್ರ ಅವಳ ಹೆಸರಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ವಾಪಸ್ ಬಸ್ಸಿನಲ್ಲಿ ಅವಳನ್ನು ಚೆನ್ನಾಗಿ ಬೈದೆ. ಬೈದು ಸಾಕಾದ ಮೇಲೆ ಸಮಾಧಾನ ಹೇಳಲು ಹೋಗಿ ಮತ್ತೆ ಇಂಗ್ಲೆಂಡಿನವಳ ಕಥೆ ತೆಗೆದೆ. ಅವಳನ್ನೂ ಬೇಡವೆಂದಿದ್ದರು, ಅವಳು ಎದೆಗುಂದಲಿಲ್ಲ ಎಂದೆ.

ಹುಡುಗಿ ಕಿಟಕಿಯಿಂದ ಮುಖ ತಿರುಗಿಸಿದಳು. "ಆಕಿ ಇನ್ನೊಂದ ಟೀಮಿಗೆ ಹೋದ್ಳಲ್ರಿ. ನಾ ಯಾವ ಟೀಮಿಗೆ ಹೋಗ್ಲಿ, ಹೇಳ್ರಿ ಟೀಚರ್?"

ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳ ಎಲ್ಲವನ್ನೂ ಮನಸ್ಸಿನಲ್ಲೇ ಸುತ್ತಿ ಬಂದೆ. ಶಾಲೆ ಮುಗಿಸಿದ ಹುಡುಗಿ ಹೋಗಿ ಸೇರಬಹುದಾದ ಒಂದು ತಂಡವೂ ನೆನಪಿಗೆ ಬರಲಿಲ್ಲ. ಇಷ್ಟು ವರ್ಷ ಆ ಕಥೆ ಹೇಳಿದ ನನಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

"ಗೊತ್ತಿಲ್ಲವ್ವಾ," ಎಂದೆ.

"ಇರ್ಲಿ ಬಿಡ್ರಿ ಟೀಚರ್," ಎಂದು ಅವಳೇ ನನಗೆ ಸಮಾಧಾನ ಹೇಳಿದಳು.