ಫೋನಕ್ಕನ ಒಂದು ಗಂಟೆ

ನಗರದ ಬಡಾವಣೆಗೊಂದು ರೇಡಿಯೋ ಕೇಂದ್ರ ಹುಟ್ಟಿಕೊಂಡ ಕಾಲದಲ್ಲಿ, ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯ ಕೇಂದ್ರವೊಂದಕ್ಕೆ ಅವಳು ಫೋನ್ ಎತ್ತುವ ಕೆಲಸಕ್ಕೆ ಸೇರಿದಳು. ಕುಡಿದು ಬಯ್ಯುವವರ ಕರೆಯನ್ನು ಅಲ್ಲೇ ಕತ್ತರಿಸಿ, ಹಾಡು ಕೇಳುವವರನ್ನು ಒಳಗಿನ ನಿರೂಪಕನಿಗೆ ದಾಟಿಸಬೇಕು. ಎಲ್ಲರ ಬಾಯಲ್ಲೂ ಅವಳು ಫೋನಕ್ಕ. ‘ಹಲೋ’ ಅಂದರೆ ಸಾಕು, ಇಂಥವರೇ ಎಂದು ಹೇಳಿಬಿಡುತ್ತಿದ್ದಳು.

ಮೈಕಿನ ಮುಂದೆ ಕೂರುವ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. ಅಮ್ಮನನ್ನು ಎದುರು ಕೂರಿಸಿಕೊಂಡು ಹಳೇ ಪತ್ರಿಕೆ ಓದಿ ಗಂಟಲು ಪಳಗಿಸುತ್ತಿದ್ದಳು. ಕೇಳಿದಾಗಲೆಲ್ಲ ನಿರೂಪಕ, “ನೋಡೋಣ ಬಿಡಕ್ಕ” ಎಂದು ಜಾರಿಕೊಳ್ಳುತ್ತಿದ್ದ. ಹನ್ನೊಂದು ವರ್ಷ ಹೀಗೇ ಸರಿಯಿತು.

ಕೇಂದ್ರದ ವಾರ್ಷಿಕೋತ್ಸವದ ಬೆಳಿಗ್ಗೆ ಅವನೇ ಬಂದು, “ಇವತ್ತು ಒಂದು ಗಂಟೆ ಮೈಕು ನಿಮ್ಮದು. ಫೋನ್ ನಾನು ನೋಡ್ಕೋತೀನಿ” ಎಂದ. ಅವಳು ಅಮ್ಮನಿಗೆ ಫೋನ್ ಮಾಡಿ, “ರೇಡಿಯೋ ಹಾಕ್ಕೊಂಡು ಕೂತ್ಕೋಮ್ಮಾ!” ಎಂದಳು.

ಮೊದಲ ಕರೆ ಬಂತು. “ಯಾರ್ರೀ ಇದು, ತಗಡು ಉಜ್ಜಿದ ಹಾಗೆ?” ಎರಡನೆಯವನು, “ಎದ್ದು ಹೋಗಮ್ಮ ತಾಯಿ” ಎಂದ. ಮೂರನೆಯವಳು ಬರೀ ನಕ್ಕಳು. ಮೂವರದೂ ಕೇಳರಿಯದ ದನಿ. “ಕ್ಷಮಿಸಿ, ಇನ್ನೂ ಚೆನ್ನಾಗಿ ಮಾತಾಡ್ತೀನಿ” ಎನ್ನುತ್ತಾ ಮುಂದುವರಿದಳು.

ನಾಲ್ಕನೆಯ ದನಿ ಅವಳಿಗೆ ಗೊತ್ತಿತ್ತು. ನಿವೃತ್ತ ಮೇಷ್ಟರು. ತೀರಿಹೋದ ಹೆಂಡತಿಯ ಇಷ್ಟದ ಹಾಡಿಗಾಗಿ ಎಂಟು ವರ್ಷದಿಂದ ಪ್ರತಿ ಮಂಗಳವಾರ ಫೋನ್ ಮಾಡುವವರು. ಎಷ್ಟೇ ಜನ ಕಾಯುತ್ತಿದ್ದರೂ ಅವಳು ಅವರನ್ನು ಮುಂದೆ ಬಿಡುತ್ತಿದ್ದಳು.

“ಮೇಷ್ಟ್ರೇ!” ಎಂದಳು, ಜೀವ ಬಂದವಳಂತೆ.

“ನಿಂಗ್ಯಾಕಮ್ಮ ಇದೆಲ್ಲ? ಫೋನ್ ಎತ್ತೋಳು ಫೋನ್ ಎತ್ಕೊಂಡಿರ್ಬೇಕು.”

ಅವಳ ಬಿಕ್ಕು ಇಡೀ ಬಡಾವಣೆಗೆ ಕೇಳಿಸಿತು. ಬಾಗಿಲು ತಳ್ಳಿಕೊಂಡು ನಿರೂಪಕ ನಗುತ್ತ ಒಳಬಂದ. “ತಮಾಷೆ ಅಕ್ಕ, ತಮಾಷೆ! ಮೂರು ಜನಕ್ಕೆ ಹೇಳ್ಕೊಟ್ಟು ಮಾಡ್ಸಿದ್ದು.”

“ನಾಲ್ಕನೆಯವರು?”

“ಅವರಿಗೆ ನಾವೇನೂ ಹೇಳ್ಕೊಟ್ಟಿಲ್ಲಪ್ಪ.”

ಮನೆಗೆ ಬಂದರೆ ಅಮ್ಮ ಮುಖ ಕೊಡದೆ, “ಕರೆಂಟ್ ಹೋಗಿತ್ತು ಕಣೇ, ಏನೂ ಕೇಳಿಸ್ಲಿಲ್ಲ” ಎಂದಳು. ಅಮ್ಮನ ರೇಡಿಯೋ ಬ್ಯಾಟರಿಯದು.

ಕೆಲಸ ಬಿಟ್ಟರೆ ಅಮ್ಮನ ಔಷಧಿಗೆ ದಾರಿಯಿರಲಿಲ್ಲ. ಮರುದಿನವೇ ಹೋಗಿ ಫೋನಿನ ಮುಂದೆ ಕೂತಳು. ಮಂಗಳವಾರ ಮೇಷ್ಟರು ಮಾತಾಡಿದರು: “ಬೇಜಾರಾಯ್ತೇನಮ್ಮ? ನಿನ್ನ ಒಳ್ಳೇದಕ್ಕೇ ಹೇಳಿದ್ದು.”

“ಛೆ, ಇಲ್ಲ ಮೇಷ್ಟ್ರೇ. ಲೈನಲ್ಲಿರಿ” ಎಂದು ಅವಳು ರಿಸೀವರನ್ನು ಮೇಜಿನ ಮೇಲಿಟ್ಟು, ಪಕ್ಕದ ಫೋನ್ ಎತ್ತಿಕೊಂಡಳು. ಮುದುಕ ಕಾರ್ಯಕ್ರಮ ಮುಗಿಯುವವರೆಗೂ ಕಾದ. ಮರುವಾರವೂ ಅಷ್ಟೇ. “ಇವತ್ತಾದ್ರೂ ಸಿಗುತ್ತೇನಮ್ಮ?” ಎಂದು ಅವರು ಅಂಗಲಾಚುವಾಗಲೂ ಅವಳ ದನಿಯಲ್ಲಿ ಜೇನು ಸುರಿಯುತ್ತಿತ್ತು.

ಎರಡು ವರ್ಷ ಹೀಗೆ ಕಾಯಿಸಿದಳು. ಆಮೇಲೊಂದು ಮಂಗಳವಾರ ಅವರ ಕರೆ ಬರಲಿಲ್ಲ. ಏನಾಯಿತೆಂದು ಅವಳು ವಿಚಾರಿಸಲೂ ಹೋಗಲಿಲ್ಲ.