ಟ್ಯೂನಿಸನ ಪಕ್ಕದ ಜಾಗ

ಜುಲೈ ನಾಲ್ಕು ಬಂತೆಂದರೆ ನಮ್ಮ ಬ್ರೂಕ್ಲಿನ್ ಗಂಡಸರಿಗೆ ಸ್ವಾತಂತ್ರ್ಯದ ಯುದ್ಧ ನೆನಪಾಗುತ್ತದೆ. ಬೆಳಿಗ್ಗೆ ತೋಪು ಹಾರಿಸುತ್ತಾರೆ, ಮಧ್ಯಾಹ್ನ ಭಾಷಣ ಬಿಗಿಯುತ್ತಾರೆ, ಸಂಜೆ ಒಂದೊಂದು ರಾಜ್ಯದ ಹೆಸರು ಹೇಳಿ ಒಂದೊಂದು ಲೋಟ ಏರಿಸುತ್ತಾರೆ. ಐದನೇ ತಾರೀಕಿಗೆ ತಲೆನೋವು ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ. ಆ ಯುದ್ಧದ ಕಾಲದಲ್ಲಿ ಇವರಲ್ಲಿ ಅರ್ಧಕ್ಕರ್ಧ ಜನ ಹೆಂಡತಿಯ ಕೆಂಪು ಲಂಗ ಹರಿದು, ಚಿಂದಿಯನ್ನು ಟೋಪಿಗೆ ಸಿಕ್ಕಿಸಿಕೊಂಡು, ‘ನಾವು ಇಂಗ್ಲೆಂಡಿನ ರಾಜನ ಕಡೆಯವರು’ ಎಂದು ಓಡಾಡಿದವರು. ನನ್ನ ಗಂಡ ಯೂರಿಯನ್ ಕೂಡ ಹಾಗೇ ಓಡಾಡಿದ. ಹರಿದದ್ದು ನನ್ನ ಲಂಗ, ಆದ್ದರಿಂದ ನಾನು ಮರೆತಿಲ್ಲ.

ನಾನು ಹೇಳಬೇಕಾದದ್ದು ಫೆಮ್ಮಿ ದೊಡ್ಡಮ್ಮನ ವಿಷಯ. ರಕ್ತಸಂಬಂಧವಲ್ಲ; ವಾಲಬೌಟ್ ಕೊಲ್ಲಿಯ ದಂಡೆಯಲ್ಲಿ ನಮ್ಮ ಹಿಟ್ಟಿನ ಗಿರಣಿಗೆ ಅಂಟಿಕೊಂಡ ಮನೆ ಅವಳದು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ. ಕೆಲವು ಹಸು, ಒಂದು ಸೇಬಿನ ತೋಟ, ಒಬ್ಬನೇ ಮಗ ಟ್ಯೂನಿಸ್, ಇಷ್ಟೇ ಅವಳ ಸಂಸಾರ. ಗಿಣ್ಣು ಮಾಡುವುದರಲ್ಲಿ ಅವಳ ಕೈ ಮೀರಿಸುವವರಿರಲಿಲ್ಲ, ಬೈಯುವುದರಲ್ಲಿ ಅವಳ ಬಾಯಿ ಮೀರಿಸುವವರಿರಲಿಲ್ಲ.

ಟ್ಯೂನಿಸ್ ಹುಡುಗನಾಗಿದ್ದಾಗ ಸೇಬಿನ ಮರದಿಂದ ಬಿದ್ದು ಎಡಗೈ ಮುರಿದುಕೊಂಡಿದ್ದ. ಮೂಳೆ ಕೂರಿಸುವವನು ಅಂದು ಸ್ವಲ್ಪ ಹೆಚ್ಚೇ ಕುಡಿದಿದ್ದ. ಕೈ ಕೂಡಿತು, ಆದರೆ ಮೊಣಕೈ ಕೆಳಗೆ ಹೊರಕ್ಕೆ ಬಾಗಿ ಕೂಡಿತು. ಆ ಕೈಯಲ್ಲೇ ಅವನು ಹುಟ್ಟು ಹಾಕುತ್ತಿದ್ದ, ಹಸು ಕರೆಯುತ್ತಿದ್ದ. ಮಾತು ಕಡಿಮೆ. ಯುದ್ಧ ಶುರುವಾದಾಗ ಯಾರಿಗೂ ಹೇಳದೆ ಕೇಳದೆ ಹೋಗಿ, ಇಂಗ್ಲೆಂಡಿನ ಸರಕುಹಡಗುಗಳನ್ನು ಹಿಡಿಯಲು ಹೊರಟ ನಮ್ಮ ಕಡೆಯ ಹಡಗೊಂದನ್ನು ಸೇರಿದ. ಹಿಡಿಯಲು ಹೋದವರನ್ನೇ ಇಂಗ್ಲಿಷಿನವರು ಹಿಡಿದರು. ತಂದು ಹಾಕಿದ್ದು ಎಲ್ಲಿಗೆಂದರೆ, ನಮ್ಮ ಕೊಲ್ಲಿಯಲ್ಲೇ ಲಂಗರು ಹಾಕಿ ನಿಲ್ಲಿಸಿದ್ದ ಸೆರೆಹಡಗಿಗೆ, ಅವನ ತಾಯಿಯ ಅಡುಗೆಮನೆ ಕಿಟಕಿಯ ಎದುರಿಗೇ.

ಪಾಯಿಮರ ಕಿತ್ತ ಹಳೆಯ ಹಡಗು ಅದು. ತೂತುಗಳಿಗೆಲ್ಲ ಹಲಗೆ ಬಡಿದಿದ್ದರು. ಒಳಗೆ ಜನರನ್ನು ಕುರಿಗಳಂತೆ ತುಂಬಿದ್ದರು, ಗಾಳಿ ಈ ಕಡೆ ಬೀಸಿದರೆ ನಾವು ಊಟ ಬಿಟ್ಟು ಏಳಬೇಕಾಗುತ್ತಿತ್ತು. ಪ್ರತಿ ಬೆಳಿಗ್ಗೆ ಕಾವಲಿನವರು, ‘ಬಂಡಾಯಗಾರರೇ, ಸತ್ತವರನ್ನು ಹೊರಗೆ ಹಾಕಿ’ ಎಂದು ಕೂಗುವುದು ದಂಡೆಗೆ ಕೇಳಿಸುತ್ತಿತ್ತು. ಆಮೇಲೆ ಒಂದು ದೋಣಿ ಈ ಕಡೆ ಬರುತ್ತಿತ್ತು. ಸೆರೆಯವರೇ ನಾಲ್ಕು ಜನ ಇಳಿದು, ಮರಳಿನಲ್ಲಿ ಮೊಣಕಾಲುದ್ದ ತೋಡಿ, ಹೂತು ಹೋಗುತ್ತಿದ್ದರು.

ಹಡಗಿನ ಕಾವಲಿನವರಿಗೆ ಹಾಲು ರೊಟ್ಟಿ ಮಾರಲು ನಮ್ಮ ಹೆಂಗಸರಿಗೆ ಅನುಮತಿ ಇತ್ತು. ಫೆಮ್ಮಿ ದೊಡ್ಡಮ್ಮ ದಿನವೂ ದೋಣಿ ಹತ್ತುತ್ತಿದ್ದಳು, ನಾನು ಹುಟ್ಟು ಹಾಕಲು ಜೊತೆ ಹೋಗುತ್ತಿದ್ದೆ. ಒಂದು ದಿನ ಟ್ಯೂನಿಸ್ ಮೇಲಿನ ಕಟಕಟೆಯ ಹತ್ತಿರ ನಿಂತಿದ್ದ. ಮುಖ ಗುರುತು ಸಿಗಲಿಲ್ಲ, ಕೈ ಗುರುತು ಸಿಕ್ಕಿತು. ರಾಜನ ನೌಕಾಪಡೆಗೆ ಸೇರುತ್ತೇನೆಂದು ಒಪ್ಪಿದವರನ್ನು ಅಂದೇ ಬಿಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

“ಟ್ಯೂನಿಸ್, ಸೇರ್ಕೊಂಡ್ಬಿಡೋ” ಎಂದಳು ಕೆಳಗಿನಿಂದ. “ರಾಜನ ಉಪ್ಪು ತಿಂದ್ರೆ ನಾಲಿಗೆ ಏನ್ ಬಿದ್ದೋಗಲ್ಲ. ಆಮೇಲೆ ಓಡಿ ಬಂದ್ರಾಯ್ತು.”

“ಇವ್ರನ್ನೆಲ್ಲ ಬಿಟ್ಟು ಹೆಂಗಮ್ಮ ಬರ್ಲಿ?”

“ನಿನ್ನ ಹೆತ್ತಿದ್ದು ನಾನಾ, ಅವ್ರಾ?”

“ನೀನೇ. ಅದಕ್ಕೇ ಹಿಂಗಾಗಿದೀನಿ” ಎಂದು ನಕ್ಕ. ಹಲ್ಲುಗಳು ಉದುರಿಹೋಗಿದ್ದವು.

ದಾರಿಯುದ್ದಕ್ಕೂ ಅವಳು ಅವನನ್ನು ಬೈದಳು. ದಡ ಮುಟ್ಟಿದ ಮೇಲೆ ಹಾಲಿನ ಪಾತ್ರೆ ತಬ್ಬಿಕೊಂಡು ಕೂತುಬಿಟ್ಟಳು.

ಸೇಬು ಕೀಳುವ ಕಾಲಕ್ಕೆ ಜ್ವರ ಅವನನ್ನು ತೆಗೆದುಕೊಂಡಿತು. ಯಾರೂ ಬಂದು ಹೇಳಲಿಲ್ಲ. ಬೆಳಗಿನ ದೋಣಿ ದಂಡೆಗೆ ಬಂದಾಗ ಒಂದು ಕಂಬಳಿಯಿಂದ ಆ ಕೈ ಹೊರಗೆ ಚಾಚಿತ್ತು. ಕಾವಲಿಗಿದ್ದವನು ಜರ್ಮನಿಯಿಂದ ಬಾಡಿಗೆಗೆ ತಂದ ಸಿಪಾಯಿ. ಅವಳ ಮುಖ ನೋಡಿ ಬಂದೂಕು ಆ ಕಡೆ ತಿರುಗಿಸಿಕೊಂಡು ನಿಂತ. ಅವಳು ಕೆಳಗಿಳಿದು ಕೈಯನ್ನು ಕಂಬಳಿಯ ಒಳಗಿಟ್ಟು ಹೊದಿಸಿದಳು. ಅವರು ಹೂತು ಹೋದ ಮೇಲೆ ಸಿಂಪಿ ಚಿಪ್ಪುಗಳನ್ನು ಆಯ್ದು ತಂದು, ಹೂವಿನ ಪಾತಿಗೆ ಕಟ್ಟುವ ಹಾಗೆ ಆ ಮಣ್ಣಿನ ಸುತ್ತ ನಾಟಿದಳು.

ಯುದ್ಧ ಮುಗಿಯಿತು, ಇಂಗ್ಲಿಷಿನವರು ಹೋದರು. ಟೋಪಿಗಳಿಂದ ಕೆಂಪು ಚಿಂದಿ ಬಿದ್ದುಹೋಯಿತು. ಸೆರೆಹಡಗು ಕೆಸರಿನಲ್ಲಿ ಕೊಳೆಯುತ್ತ ಕುಸಿಯಿತು. ಪಾದ್ರಿಗಳೂ ನನ್ನ ಗಂಡನೂ ಹೋಗಿ, ಟ್ಯೂನಿಸನನ್ನು ಚರ್ಚಿನ ಸ್ಮಶಾನಕ್ಕೆ, ಅವನ ಅಪ್ಪನ ಹತ್ತಿರಕ್ಕೆ ತರೋಣ ಎಂದರು.

“ಬದುಕಿದ್ದಾಗ್ಲೇ ಜೊತೆಯೋರ್ನ ಬಿಟ್ಟು ಬರ್ಲಿಲ್ಲ ಅವನು” ಎಂದಳು ದೊಡ್ಡಮ್ಮ. “ಈಗ ನಾನ್ ಹೋಗಿ ಎಳ್ಕೊಂಡ್ ಬಂದ್ರೆ ನನ್ನ ಮಾತಾಡ್ಸ್ತಾನಾ? ಅಲ್ಲೇ ಇರ್ಲಿ. ನಾನೇ ಅಲ್ಲಿಗೆ ಹೋಗ್ತೀನಿ. ಅವನ ಪಕ್ಕ ನನಗೊಂದು ಜಾಗ ಬಿಟ್ಟಿದೀನಿ. ಸಾರ್ಟಿ, ನೀನೇ ಕಣೆ ಜವಾಬ್ದಾರಿ, ಈ ಗಂಡಸ್ರನ್ನ ನಂಬಲ್ಲ ನಾನು.”

ಆಗಲಿ ಎಂದೆ. ಅಲ್ಲಿಂದ ಮುಂದೆ ಅವಳ ಬದುಕೆಲ್ಲ ಆ ದಂಡೆಯೇ. ಬಿರುಗಾಳಿ ಬಂದು ಹೋದರೆ ಮರಳು ಜಾರಿ ಮೂಳೆಗಳು ಹೊರಗೆ ಬೀಳುತ್ತಿದ್ದವು. ಹಂದಿಗಳು ಕೆದಕುತ್ತಿದ್ದವು. ದೋಣಿಯವರು ತಲೆಬುರುಡೆ ಕಂಡರೆ ಆ ಕಡೆ ನೋಡದೆ ಸಾಗುತ್ತಿದ್ದರು. ಅವಳು ಬುಟ್ಟಿ ಹಿಡಿದು ಹೋಗಿ ಒಂದೊಂದನ್ನೇ ಆಯುತ್ತಿದ್ದಳು. “ಬಾರಪ್ಪ, ನೀನ್ಯಾರ ಮನೆ ಮಗನೋ” ಎನ್ನುತ್ತ ಮಣ್ಣು ಒರೆಸಿ, ಟ್ಯೂನಿಸನ ಚಿಪ್ಪಿನ ಸಾಲಿನ ಮೇಲ್ಗಡೆ ಹೂಳುತ್ತಿದ್ದಳು. ಅವನ ಪಕ್ಕದ ತನ್ನ ಜಾಗದಲ್ಲಿ ಮಾತ್ರ ಯಾರನ್ನೂ ಹೂಳಲಿಲ್ಲ. ‘ಫೆಮ್ಮಿಗೆ ತಲೆ ಕೆಟ್ಟಿದೆ’ ಎಂದು ಊರು ಅಂದುಕೊಂಡಿತು. ಊರಿನ ತಲೆ ಎಷ್ಟು ನೆಟ್ಟಗಿತ್ತೆಂದು ನಾನು ಆಗಲೇ ಹೇಳಿದ್ದೇನೆ.

ಹೀಗೆ ಇಪ್ಪತ್ತೈದು ವರ್ಷ ಕಳೆಯಿತು. ಆಮೇಲೆ ದಂಡೆಯನ್ನು ಸರ್ಕಾರ ಹಡಗುಕಟ್ಟೆಗೆಂದು ತೆಗೆದುಕೊಂಡು ಅಗೆಯತೊಡಗಿತು. ಗುದ್ದಲಿ ಹಾಕಿದಲ್ಲೆಲ್ಲ ಮೂಳೆ. ಅದೇ ವೇಳೆಗೆ ಚುನಾವಣೆಯೂ ಹತ್ತಿರವಿತ್ತು. ಇಷ್ಟು ವರ್ಷ ಹಂದಿ ತಿಂದದ್ದು ಕಾಣದವರ ಕಣ್ಣಿಗೆ ಈಗ ಹುತಾತ್ಮರು ಕಂಡರು. ಹೊಳೆಯಾಚೆ ಪಟ್ಟಣದ ರಾಜಕೀಯ ಸಂಘದವರೊಬ್ಬರು, ಕನ್ನಡಕದ ಯಜಮಾನರು, ದೊಡ್ಡಮ್ಮನ ಮನೆಗೇ ಬಂದು ಕೂತರು. ಒಳ್ಳೆಯ ಮನುಷ್ಯರೇ, ಸುಳ್ಳು ಹೇಳಬಾರದು. ಮೂಳೆಗಳನ್ನೆಲ್ಲ ಹದಿಮೂರು ಶವಪೆಟ್ಟಿಗೆಗಳಲ್ಲಿ ಇಟ್ಟು, ಒಂದೊಂದು ರಾಜ್ಯಕ್ಕೆ ಒಂದೊಂದು ಪೆಟ್ಟಿಗೆಯಂತೆ ಮೆರವಣಿಗೆ ಮಾಡಿ, ಗುಡ್ಡದ ಬುಡದ ಸಮಾಧಿಕೋಣೆಯಲ್ಲಿಡುತ್ತೇವೆ, ಮುಂದೆ ಅಲ್ಲೇ ದೊಡ್ಡ ಸ್ಮಾರಕ ಕಟ್ಟುತ್ತೇವೆ ಎಂದರು.

ನಮ್ಮ ನ್ಯೂಯಾರ್ಕ್ ರಾಜ್ಯದವರನ್ನು ನ್ಯೂಯಾರ್ಕಿನ ಪೆಟ್ಟಿಗೆಯಲ್ಲಿಡುತ್ತಾರೆ ಎಂದು ನಾವು ತಿಳಿದೆವು. ಯಾರಾದರೂ ಹಾಗೇ ತಿಳಿಯುತ್ತಾರೆ. ಯಾವ ಮೂಳೆ ಯಾವ ರಾಜ್ಯದ್ದೆಂದು ಗುರುತಿಸುವುದು ಹೇಗೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ದೊಡ್ಡಮ್ಮನಿಗಂತೂ ತನ್ನವನ ಗುರುತು ಇತ್ತಲ್ಲ.

“ಅವನು ಯಾವ್ ಗೋಡೆ ಕಡೆ ಇರ್ತಾನೋ, ಆ ಗೋಡೆ ಹೊರಗೆ ನನಗೆ ಜಾಗ ಕೊಡ್ತೀರಾ?” ಎಂದಳು. “ಅಷ್ಟು ಕೊಟ್ರೆ ಅವನನ್ನ ಕೊಡ್ತೀನಿ. ಇಲ್ಲಾಂದ್ರೆ ನಿಮ್ಮ ಗುದ್ದಲಿಯೋರು ನನ್ನ ಮೇಲೆ ಅಗೀಲಿ.”

“ಕೊಡ್ತೀವಿ ತಾಯಿ. ಹುತಾತ್ಮನ ತಾಯಿಗೆ ಇಲ್ಲ ಅನ್ನೋಕಾಗುತ್ತಾ?” ಎಂದರು ಯಜಮಾನರು.

ನಾವಿಬ್ಬರೇ ಅವನನ್ನು ತೆಗೆದೆವು. ತನ್ನ ಮದುವೆಯ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ನಾರುಬಟ್ಟೆಯ ದಿಂಬಿನ ಚೀಲ ತಂದಿದ್ದಳು. ಹೆರಿಗೆಯಾದ ಮನೆಯಲ್ಲಿ ಮಗುವನ್ನು ಹಿಡಿಯುವ ಹಾಗೆ ಒಂದೊಂದನ್ನೂ ಎತ್ತಿ ಅದರಲ್ಲಿಟ್ಟಳು. ಬಾಗಿದ ಕೈಮೂಳೆಯನ್ನು ಕೊನೆಗೆ, ಎಲ್ಲದರ ಮೇಲೆ ಇಟ್ಟಳು. ಪೆಟ್ಟಿಗೆ ಮಾಡುತ್ತಿದ್ದ ಬಡಗಿ ಎಲ್ಕಾನಾನ ಕೈಗೆ ಕೊಟ್ಟು, “ನ್ಯೂಯಾರ್ಕು. ಮೇಲ್ಗಡೆ ಇಡು, ಒತ್ತಬೇಡ” ಎಂದಳು. ಅವನು ತಲೆಯಾಡಿಸಿದ.

ಮೆರವಣಿಗೆಯ ದಿನ ಪಟ್ಟಣಕ್ಕೆ ಪಟ್ಟಣವೇ ನಮ್ಮ ದಂಡೆಗೆ ಬಂದು ಬಿದ್ದಿತ್ತು. ಡೋಲು, ತುತ್ತೂರಿ, ಕಪ್ಪು ಬಟ್ಟೆ. ಹೆಗಲು ಕೊಡಲು ನಾನು ತಾನು ಎಂದು ನೂಕಾಡಿದವರಲ್ಲಿ ಹಳೆಯ ಕೆಂಪು ಚಿಂದಿಯವರು ಎಷ್ಟೋ ಜನ. ದೊಡ್ಡಮ್ಮ ನ್ಯೂಯಾರ್ಕಿನ ಪೆಟ್ಟಿಗೆಯ ಹಿಂದೆ ಅದರ ಮೇಲೊಂದು ಕೈಯಿಟ್ಟುಕೊಂಡು ನಡೆದಳು. ಏನೋ ಗೊಣಗುತ್ತಿದ್ದಳು. ಪ್ರಾರ್ಥನೆ ಎಂದುಕೊಂಡು ಜನ ದಾರಿ ಬಿಟ್ಟರು. ನಾನು ಪಕ್ಕದಲ್ಲಿದ್ದೆ: ಚುಕ್ಕಿ ಹಸು ಕರು ಹಾಕಿದ್ದು, ಬಾವಿಯ ಗಡಗಡೆ ಮುರಿದದ್ದು, ಯೂರಿಯನ್ ಮುದುಕನಾದದ್ದು, ಇದನ್ನೆಲ್ಲ ಅವನಿಗೆ ಹೇಳುತ್ತಿದ್ದಳು. ಯುದ್ಧವಾದ ಮೇಲೆ ಅವಳನ್ನು ಅಷ್ಟು ಸುಖವಾಗಿ ನಾನು ನೋಡಿರಲಿಲ್ಲ.

ಭಾಷಣಕಾರರು ಎತ್ತರದ ದನಿಯಲ್ಲಿ, “ಈ ನಾಡಿನ ತಾಯಂದಿರು ನಗುನಗುತ್ತಾ ತಮ್ಮ ಮಕ್ಕಳನ್ನು ಸ್ವಾತಂತ್ರ್ಯಕ್ಕೆ ಅರ್ಪಿಸಿದರು” ಎಂದರು.

“ನಾನ್ ಅರ್ಪಿಸ್ಲಿಲ್ಲ” ಎಂದಳು ದೊಡ್ಡಮ್ಮ, ಸುತ್ತಲಿನವರಿಗೆಲ್ಲ ಕೇಳುವಂತೆ. “ಬಾ ಅಂದೆ. ಅವನು ಬರ್ಲಿಲ್ಲ.”

ಯಾರೋ ಉಶ್ ಎಂದರು. ಭಾಷಣ ಮುಂದುವರಿಯಿತು.

ಅದಾದ ವಾರದಲ್ಲಿ ಬಡಗಿ ಎಲ್ಕಾನಾ ಮನೆಗೆ ಬಂದ. ನಾವಿಬ್ಬರೂ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದೆವು. ಅವನ ಕೈಯಲ್ಲಿ ಆ ದಿಂಬಿನ ಚೀಲ, ಒಗೆದು ಇಸ್ತ್ರಿ ಮಾಡಿ ಮಡಿಸಿದ್ದು.

“ಅಜ್ಜಿ, ನಿಮ್ದು ಬಟ್ಟೆ. ಒಳ್ಳೇ ನಾರುಬಟ್ಟೆ, ಮಣ್ಣಿಗ್ಯಾಕೆ ಹಾಕೋದು ಅಂತ ತೆಗೆದಿಟ್ಟೆ. ನಮ್ಮೋಳು ಒಗ್ದು ಕೊಟ್ಳು.”

“ಅದ್ರಲ್ಲಿದ್ದೋನು?” ಎಂದಳು ದೊಡ್ಡಮ್ಮ.

“ಎಲ್ರ ಜೊತೆ ಹಾಕಿದೀವಲ್ಲ ಅಜ್ಜಿ. ನೆಲದ ಮೇಲೆ ರಾಶಿ ಮಾಡ್ಕೊಂಡು ಹದಿಮೂರಕ್ಕೂ ಹಂಚಿದ್ವಿ. ಹೊರೋರಿಗೆ ಒಂದು ಭಾರ ಒಂದು ಹಗುರ ಆಗ್ಬಾರ್ದು ನೋಡಿ.”

“ನ್ಯೂಯಾರ್ಕು ಅಂತ ಹೇಳಿದ್ನಲ್ಲಪ್ಪ.”

“ಹೆಸರು ಮುಚ್ಚಳದ ಮೇಲೆ ಬರೆಯೋಕೆ ಅಷ್ಟೇ ಅಜ್ಜಿ. ಒಳಗೆ ಯಾರು ಯಾವೂರೋರು ಅಂತ ದೇವರಿಗೂ ಗೊತ್ತಾಗಲ್ಲ.”

“ಕೈಮೂಳೆ. ಬಾಗಿರೋದು. ಮೇಲ್ಗಡೆ ಇಟ್ಟಿದ್ದೆ.”

ಅವನಿಗೆ ಆಗ ಅರ್ಥವಾಯಿತು. ಟೋಪಿ ತೆಗೆದು ಕೈಯಲ್ಲಿ ಹಿಂಡಿದ. “ನೆಟ್ಟಗಿದ್ದದ್ದು ಯಾವುದಿತ್ತು ಅಜ್ಜಿ ಆ ರಾಶೀಲಿ” ಎಂದ. ಅವನ ಕಣ್ಣೂ ತುಂಬಿತ್ತು. ಬೈಯಲು ಕೂಡ ಆಗದಷ್ಟು ಒಳ್ಳೆಯ ಹುಡುಗ. ನಾನು ಅವಳ ಬಾಯಿಯಿಂದ ಬೆಂಕಿ ಬರುತ್ತದೆಂದು ಕಾದೆ. ಅವಳು, “ನಿನ್ನ ಹೆಂಡ್ತಿಗೆ ಕೊಡಪ್ಪ, ಮಗೂಗೆ ಹೊದಿಸ್ಲಿ” ಎಂದಳು, ಅಷ್ಟೇ. ಅವನು ಹೋದ ಮೇಲೆ ಬಿಡಿಸಿದ ಬಟಾಣಿಯನ್ನೂ ಸಿಪ್ಪೆಯನ್ನೂ ಒಂದೇ ಪಾತ್ರೆಗೆ ಹಾಕುತ್ತ ಕೂತಿದ್ದಳು. ನಾನು ಕೈ ಹಿಡಿದು ನಿಲ್ಲಿಸಬೇಕಾಯಿತು.

ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಮರೆತವರು ಅವಳಿಂದ ಏನೂ ಕಿತ್ತುಕೊಂಡಿರಲಿಲ್ಲ. ಮೂಳೆ ಹಂದಿ ಪಾಲಾಗುತ್ತಿದ್ದ ಕಾಲದಲ್ಲೂ ಅವಳಿಗೆ ಮಗ ಇಂಥಲ್ಲಿದ್ದಾನೆ ಎಂದು ಗೊತ್ತಿತ್ತು. ಡೋಲು ಹೊಡೆದು ನೆನಪು ಮಾಡಿಕೊಂಡರಲ್ಲ, ಅವರು ಅವನನ್ನು ಕಳೆದುಬಿಟ್ಟರು.

ಕನ್ನಡಕದ ಯಜಮಾನರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಯಾವ ಗೋಡೆಯ ಹೊರಗೆ ಬೇಕೋ ತೋರಿಸಿ ಎಂದು ಹೇಳಿ ಕಳಿಸಿದರು. ಅವಳು ನನ್ನನ್ನು ಕರೆದುಕೊಂಡು ಹೋದಳು. ಸಮಾಧಿಕೋಣೆಯನ್ನು ಒಂದು ಸುತ್ತು ಬಂದಳು, ಮತ್ತೊಂದು ಸುತ್ತು ಬಂದಳು. ಒಂದೊಂದು ಗೋಡೆಗೂ ಅಂಗೈ ಒತ್ತಿ ನಿಂತು ನೋಡಿದಳು. ಆಮೇಲೆ, “ನಡಿ, ಹಾಲು ಕರೆಯೋ ಹೊತ್ತಾಯ್ತು” ಎಂದಳು. ಮತ್ತೆ ಆ ಕಡೆ ಹೋಗಲಿಲ್ಲ. ದಂಡೆಗೂ ಹೋಗಲಿಲ್ಲ, ಅಲ್ಲಿ ಈಗ ಮರದ ದಿಮ್ಮಿಗಳ ರಾಶಿ. ಹೇಳಿದ ಸ್ಮಾರಕ ಮೇಲೇಳಲಿಲ್ಲ. ಚುನಾವಣೆ ಮುಗಿದಿತ್ತು. ಸಮಾಧಿಕೋಣೆಯ ಮುಂದೆ ಎದೆಯೆತ್ತರ ಹುಲ್ಲು ಬೆಳೆಯಿತು.

ಮೂರನೇ ಚಳಿಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಜೋಳದ ಗಂಜಿಗೆ ಹಾಲು ಹಾಕಿ ಕುಡಿಸಿದರೆ ಎರಡು ಗುಟುಕು ಇಳಿಯುತ್ತಿತ್ತು. ಒಂದು ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ಬಿದ್ದಿದ್ದಾಗ, ಕೇಳಲೇಬೇಕಾದದ್ದನ್ನು ಕೇಳಿದೆ.

“ದೊಡ್ಡಮ್ಮ, ಆ ಸಮಾಧಿ ಹತ್ರಾನೇ ಮಾಡೋಣ್ವಾ? ಯಾವ ಗೋಡೆ ಆದ್ರೂ ಆಗ್ಲಿ. ಅವನು ಅಲ್ಲೇ ತಾನೆ ಇರೋದು.”

“ಹದಿಮೂರರಲ್ಲಿ ಎಷ್ಟರ ಪಕ್ಕ ಮಲಗ್ಲೇ?” ಎಂದಳು. “ಬೇಡ. ಯಾವ್ದಕ್ಕೋ ಬೆನ್ನು ತಿರುಗ್ಸಿದ ಹಾಗಾಗುತ್ತೆ. ಅದ್ರಲ್ಲೇ ಅವನಿದ್ರೆ?”

“ಮತ್ತೆ ಚರ್ಚಿನ ಸ್ಮಶಾನ?”

“ಹೂಂ, ಅವನಪ್ಪನ ಹತ್ರ ಹಾಕ್ಬಿಡು.”

ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂತೆಂದು ಬಟ್ಟಲು ಎತ್ತಿಕೊಂಡು ಎದ್ದೆ. ಅವಳು ನನ್ನ ಲಂಗದ ಅಂಚು ಹಿಡಿದಳು.

“ಸಾರ್ಟಿ, ಅವನಪ್ಪ ಕೇಳ್ತಾನೆ ಕಣೆ. ಮಗೂನ ನಿನ್ನ ಕೈಗೆ ಕೊಟ್ಟು ಬಂದಿದ್ನಲ್ಲ, ಎಲ್ಲಿಟ್ಟಿದೀಯೇ ಅಂತ. ಏನಂತ ಹೇಳ್ಲಿ?”

ಬಟ್ಟಲು ಕೆಳಗಿಟ್ಟು ಅವಳ ಪಕ್ಕದಲ್ಲೇ ಕೂತೆ. ಮಾರನೇ ದಿನ ಹಸು ಕರೆದು ಬರುವಷ್ಟರಲ್ಲಿ ಅವಳು ಹೋಗಿದ್ದಳು. ಗಂಡನ ಪಕ್ಕದಲ್ಲಿಟ್ಟು ಬಂದೆವು.